ಮನೇಲಿ ಚೆನ್ನಾಗಿತ್ತು

ಹೊಸ ಫ್ರಿಜ್ಜು ಮನೆಗೆ ಬಂದ ದಿನ ಹಲ್ಲಿನ ಡಾಕ್ಟರು ಎಷ್ಟು ಉಬ್ಬಿಹೋಗಿದ್ದರೆಂದರೆ, ಅದನ್ನು ಮಹಡಿಗೆ ಹೊತ್ತು ತಂದ ಇಬ್ಬರನ್ನೂ ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಬಾಯಿ ತೆರೆಸಿ, ಪುಕ್ಕಟೆಯಾಗಿ ಹಲ್ಲು ನೋಡಿ ಕಳಿಸಿದರು. ಸಂಗೀತ ಕಾಲೇಜಿನಿಂದ ಹೆಂಡತಿ ಬರುವುದರೊಳಗೆ ಹಳೆಯದು ಹೋಗಿರಬೇಕು, ಹೊಸದು ಅದರ ಜಾಗದಲ್ಲಿ ಕೂತಿರಬೇಕು, ಅವಳು ಬಾಗಿಲಲ್ಲೇ ಕಣ್ಣು ಬಾಯಿ ಬಿಟ್ಟುಕೊಂಡು ನಿಲ್ಲಬೇಕು. ಇದು ಅವರ ಲೆಕ್ಕಾಚಾರ. ತಲೆ ನರೆಯುವವರೆಗೆ ಸಂಸಾರ ಮಾಡಿದ ಮೇಲೂ ಗಂಡಸರಿಗೆ ಇಂಥ ಆಸೆಗಳು ಹೋಗುವುದಿಲ್ಲ.

ಆಕೆ ಬಂದರು, ಕೈಚೀಲ ಇಳಿಸಿದರು, ನೋಡಿದರು.

“ಏನ್ರೀ ಇದು?”

“ಕೇಳಿಸ್ತಾ?”

“ಏನು ಕೇಳಿಸ್ಬೇಕು?”

“ಅದೇ ಮತ್ತೆ! ಏನೂ ಕೇಳಿಸಲ್ಲ. ಅಂಗಡಿಯವನು ಕಿವಿ ಇಟ್ಟು ನೋಡಿ ಸಾರ್ ಅಂದ. ನನ್ನ ಕಿವಿ ಕಟ್ಕೊಂಡು ಏನು ಮಾಡೋದು, ಪಕ್ಕದಲ್ಲಿದ್ದ ಗಿರಾಕಿ ಕೈಲಿ ಕಿವಿ ಇಡಿಸಿದೆ. ಅವರೂ ಏನೂ ಇಲ್ಲ ಅಂದ್ರು. ಇನ್ಮೇಲೆ ನೀನು ನೆಮ್ಮದಿಯಾಗಿ ಕೂತು ಬರಿ.”

ಡಾಕ್ಟರ ಕಿವಿಯ ಮಾತು ಸುಳ್ಳಲ್ಲ. ಆಯಸ್ಸೆಲ್ಲ ಕೊರೆಯುವ ಯಂತ್ರ ಹಿಡಿದು ಜನರ ಬಾಯಿಯ ಮೇಲೆ ಬಗ್ಗಿ ನಿಂತದ್ದರಿಂದ ಅವರ ಕಿವಿ ಅರ್ಧ ಮಂಕಾಗಿತ್ತು. ಹೆಂಡತಿಯದು ಇದಕ್ಕೆ ತದ್ವಿರುದ್ಧ. ಮೇಲಿನ ಮನೆಯವರ ಚಪ್ಪಲಿಯ ಸದ್ದು, ಕೆಳಗಿನ ಮನೆಯ ನಲ್ಲಿಯ ತೊಟ್ಟು, ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುವುದು, ಯಾವುದನ್ನೂ ಸಹಿಸುತ್ತಿರಲಿಲ್ಲ. ಎಲ್ಲದಕ್ಕೂ ಹಲ್ಲು ಕಡಿಯುತ್ತಿದ್ದರು. ಹಳೆಯ ಫ್ರಿಜ್ಜೊಂದರ ಬಗ್ಗೆ ಮಾತ್ರ ಒಂದು ದಿನವೂ ದೂರಿರಲಿಲ್ಲ. ಆ ಸಣ್ಣ ಸಂಗತಿ ಡಾಕ್ಟರಿಗೆ ಹೊಳೆಯಲಿಲ್ಲ. ಹೊಳೆಯಬೇಕಾಗಿದ್ದ ಆಕೆಗೇ ಹೊಳೆಯಲಿಲ್ಲ ಅಂದ ಮೇಲೆ ಪಾಪ, ಅವರದೇನು ತಪ್ಪು.

ಆಕೆ ಸಂಗೀತ ಬರೆಯುವವರು. ಹಾಡುವವರಲ್ಲ, ವೇದಿಕೆಯ ಮೇಲೆ ನುಡಿಸುವವರೂ ಅಲ್ಲ. ಐದು ಗೆರೆಯ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಚುಕ್ಕಿಯಿಟ್ಟು, ಪಿಟೀಲಿನವರು ಇಂಥದ್ದು ನುಡಿಸಿ, ಚೆಲ್ಲೊ ಎಂಬ ದೊಡ್ಡ ಪಿಟೀಲಿನವರು ಅಷ್ಟು ಹೊತ್ತು ಸುಮ್ಮನಿರಿ ಎಂದು ಅಪ್ಪಣೆ ಕೊಡುವ ಕೆಲಸ ಅವರದು. ಮೊದಮೊದಲು ನೆಂಟರು “ಯಾವ ಸಿನಿಮಾಕ್ಕೆ?” ಎಂದು ಕೇಳುತ್ತಿದ್ದರು. ಯಾವ ಸಿನಿಮಾಕ್ಕೂ ಅಲ್ಲ ಎಂದಾಗ ಮುಖದಲ್ಲಿ ಮರುಕ ತಂದುಕೊಂಡು ಬೇರೆ ಮಾತು ತೆಗೆಯುತ್ತಿದ್ದರು. ಹೊಟ್ಟೆಪಾಡಿಗೆ ಕಾಲೇಜಿನಲ್ಲಿ ಪಾಠ. ಚುರುಕಾದ ಶಿಷ್ಯರಿಗೆ ಮನೆಯಲ್ಲೂ ಪಾಠ. ಶಿಷ್ಯರು ಬೆನ್ನ ಹಿಂದೆ ಇಟ್ಟ ಹೆಸರು ರಬ್ಬರ್ ಮೇಡಂ. ಯಾರು ಏನು ಬರೆದು ಮನೆಗೆ ತಂದರೂ ಮೇಡಂ ಕೈ ಮೊದಲು ಹೋಗುತ್ತಿದ್ದದ್ದು ರಬ್ಬರಿಗೆ. “ಇದು ಬೇಕಾ? ಬೇಡ. ತೆಗಿ. ಕೆಳಗಡೆ ಈ ಸ್ವರ ಯಾಕೆ? ಕೆಸರು ತುಳಿದ ಹಾಗೆ ಕೇಳಿಸ್ತಿದೆ. ತೆಗಿ.” ಪರೀಕ್ಷೆಯ ಹೊತ್ತಿಗೆ ಶಿಷ್ಯರ ಹಾಳೆ ಬಹುಪಾಲು ಬೆಳ್ಳಗಾಗಿರುತ್ತಿತ್ತು. ಮೇಡಂ ತಮ್ಮ ಹಾಳೆಯನ್ನೂ ಹಾಗೇ ಉಜ್ಜುತ್ತಿದ್ದರು, ಅದರಲ್ಲಿ ಮುಲಾಜಿಲ್ಲ.

ಅವರ ಪಿಯಾನೊ ಅಡುಗೆಮನೆಯಲ್ಲಿತ್ತು. ಮನೆಗೆ ಬಂದ ವರ್ಷ ಅದು ಓಣಿಯಂಥ ನಡುಮನೆಯ ತಿರುವಿನಲ್ಲಿ ತಿರುಗಲೊಲ್ಲದೆ ಹಟ ಹಿಡಿದು ನಿಂತಿತು, ಹಿಂದಕ್ಕೆ ತಳ್ಳಿದರೆ ನೇರ ಅಡುಗೆಮನೆಗೆ ಹೋಯಿತು. ಅಲ್ಲೇ ಇರಲಿ ಬಿಡು ಎಂದರು ಡಾಕ್ಟರು. ಅದರ ಬೆನ್ನಿಗೆ ಬೆನ್ನು ಕೊಟ್ಟು ಫ್ರಿಜ್ಜು. ಫ್ರಿಜ್ಜಿನ ಪಕ್ಕಕ್ಕೆ ಡಾಕ್ಟರ ಕುರ್ಚಿ. ಮೇಡಂ ಬರೆದು, ನುಡಿಸಿ, ಉಜ್ಜಿ, ಮತ್ತೆ ನುಡಿಸುವಾಗ ಡಾಕ್ಟರು ಪೇಪರು ಹಿಡಿದು ಅಲ್ಲೇ ಕೂತಿರುತ್ತಿದ್ದರು. ಹಳೆಯ ಫ್ರಿಜ್ಜು ಆಗಾಗ ಮೈಮೇಲೆ ಬಂದವರ ಹಾಗೆ ನಡುಗುತ್ತಿತ್ತು. ಅದು ಅವರಿಗೆ ಕಿವಿಯಲ್ಲಿ ಕೇಳಿಸುತ್ತಿರಲಿಲ್ಲ, ಕುರ್ಚಿಯ ಕಾಲಿನಿಂದ ಗೊತ್ತಾಗುತ್ತಿತ್ತು. ಪೇಪರಿನಿಂದ ಕಣ್ಣೆತ್ತದೆ ಎಡಗೈ ಚಾಚಿ ಅದರ ಪಕ್ಕೆಗೆ ಅಂಗೈಯಲ್ಲಿ ಎರಡೇಟು ತಟ್ಟಿದರೆ ನಡುಕ ನಿಂತು ಬರೀ ಗುಂಯ್‌ಗುಡುವುದು ಉಳಿಯುತ್ತಿತ್ತು. ಮೇಡಂ ನುಡಿಸಿ ಮುಗಿಸಿದ ಮೇಲೆ ಡಾಕ್ಟರು ಪೇಪರು ಮಡಿಸಿ, “ಚೆನ್ನಾಗಿದೆ ಕಣೆ” ಎನ್ನುತ್ತಿದ್ದರು. ಒಂದೆರಡು ಸಲ ಕಣ್ಣೊರೆಸಿಕೊಂಡದ್ದೂ ಉಂಟು.

ಅದೇ ಡಾಕ್ಟರು ಕಛೇರಿಯ ದಿನ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತು ನಿದ್ದೆ ಹೊಡೆಯುತ್ತಿದ್ದರು. ಮುಗಿದ ಮೇಲೆ ಹೊರಗೆ ಬಂದು, ಹೆಂಡತಿಯ ಮುಖ ನೋಡಿ, ಸುಳ್ಳು ಹೇಳಲು ಬಾರದೆ ಒಂದೇ ಮಾತು ಹೇಳುತ್ತಿದ್ದರು: “ಮನೇಲಿ ಚೆನ್ನಾಗಿತ್ತು.”

ಪ್ರತಿ ಸಲವೂ ಅದೇ. ಒಂದಕ್ಷರ ಆಚೆ ಈಚೆ ಇಲ್ಲ. ಪೇಪರಿನ ವಿಮರ್ಶಕರು ಬರೆದದ್ದನ್ನು ಮೇಡಂ ಹೇಗೋ ನುಂಗಿಕೊಳ್ಳುತ್ತಿದ್ದರು. ಒಬ್ಬರು ‘ಬರೀ ಎಲುಬು’ ಎಂದಿದ್ದರು. ಇನ್ನೊಬ್ಬರು ‘ಧೈರ್ಯದ ಮೌನ’ ಎಂದು ಹೊಗಳಿದ್ದರು, ಹೊಗಳಿಕೆಯೇ ಹೆಚ್ಚು ಉರಿಸಿತ್ತು, ಯಾಕೆಂದರೆ ಮೇಡಂ ಅಲ್ಲಿ ಮೌನ ಬರೆದಿರಲೇ ಇಲ್ಲ. ಬರೆಯುವಾಗ ಆ ಜಾಗಗಳೆಲ್ಲ ತುಂಬಿಕೊಂಡಿದ್ದವು. ಯಾವುದರಿಂದ ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಆದರೆ ಗಂಡನ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡು ಕೂತಿತ್ತು. ಕಿವಿ ಮಂಕಾದವರು, ಸಂಗೀತ ಗೊತ್ತಿಲ್ಲದವರು, ಅವರ ಮಾತಿಗೆ ಬೆಲೆ ಏನು ಎಂದು ತಳ್ಳಿಹಾಕಲು ನೋಡಿದ್ದರು. ತಳ್ಳಿದಷ್ಟೂ ಅದು ಮತ್ತೆ ಬಂದು ಕೂರುತ್ತಿತ್ತು.

ಈಗ ಊರಿನ ತಂತಿವಾದ್ಯ ಮೇಳದವರು ಹೊಸ ಕೃತಿ ಕೇಳಿದ್ದರು. ಸಭಾಂಗಣದ ದುರಸ್ತಿ ಮುಗಿದು, ಬಾಗಿಲು ಮತ್ತೆ ತೆರೆಯುವ ದಿನಕ್ಕೆ. ಮೇಡಂ ಒಳಗೊಳಗೇ ತೀರ್ಮಾನ ಮಾಡಿಯಾಗಿತ್ತು: ಈ ಸಲವೂ ಇವರು ಅದೇ ಮಾತು ಹೇಳಿದರೆ ಮುಗೀತು, ಪೆನ್ಸಿಲ್ ಕೆಳಗಿಡುತ್ತೇನೆ, ಪಾಠ ಹೇಳಿಕೊಂಡು ಇರುತ್ತೇನೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಡಾಕ್ಟರಿಗಂತೂ ಇಲ್ಲವೇ ಇಲ್ಲ. ಹೇಳಿದರೆ ಆ ಬಡಪಾಯಿ ಸುಳ್ಳು ಹೇಳಲು ಕಲಿತುಬಿಟ್ಟಾರು.

ಹಾಗಾಗಿ ಹೊಸ ಫ್ರಿಜ್ಜಿಗೆ ಒಂದು “ಚೆನ್ನಾಗಿದೆ” ಹೇಳಿ, ಮೇಡಂ ಕೈಕಾಲು ತೊಳೆದು ಪಿಯಾನೊ ಮುಂದೆ ಕೂತರು. ಕೊನೆಯ ಒಂದು ಪುಟ ಬಿಟ್ಟರೆ ಕೃತಿ ಮುಗಿದಿತ್ತು. ಮೊದಲಿನಿಂದ ಒಂದು ಸಲ ನುಡಿಸಿ, ಅದೇ ಓಟದಲ್ಲಿ ಕೊನೆಯ ಪುಟಕ್ಕೆ ಇಳಿದುಬಿಡೋಣ ಎಂದು ಶುರುಮಾಡಿದರು.

ಒಂದು ಪುಟ ನುಡಿಸಿ ಕೈ ತೆಗೆದರು. ಮತ್ತೆ ಮೊದಲಿಂದ ನುಡಿಸಿದರು. ನಿನ್ನೆ ಮೈತುಂಬ ನಿಂತಿದ್ದ ಕೃತಿ ಇವತ್ತು ಬಟ್ಟೆ ಕಳಚಿ ಚಳಿಯಲ್ಲಿ ನಿಂತ ಹಾಗಿತ್ತು. ಸ್ವರಗಳು ಅವೇ. ಕೈಯೂ ಅದೇ.

“ಪಿಯಾನೊ ಯಾರಾದ್ರೂ ಮುಟ್ಟಿದ್ರಾ?” ಎಂದರು.

“ಇಲ್ಲಪ್ಪ. ಅವರಿಬ್ಬರೂ ಪಾಪ ಒಳ್ಳೆಯವರು. ಒಬ್ಬನಿಗೆ ಮಾತ್ರ ದವಡೆ ಹಲ್ಲು ಹುಳುಕು.”

ಅಂದಿನಿಂದ ಮೇಡಂ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬರೆದರು, ಉಜ್ಜಿದರು. ಉಜ್ಜಿ ಉಜ್ಜಿ ಹಾಳೆ ತೂತಾಯಿತು. ಪೆನ್ಸಿಲ್ಲುಗಳನ್ನೆಲ್ಲ ಕೆತ್ತಿ ಸಾಲಾಗಿಟ್ಟು, ಯಾವುದನ್ನೂ ಮುಟ್ಟದೆ ಬಟ್ಟೆ ಒಗೆಯಲು ಹೋದರು. ಒಗೆದ ಬಟ್ಟೆಯನ್ನು ಹಿಂಡದೆ ಹಾಗೇ ಬಿಟ್ಟು ಮತ್ತೆ ಪಿಯಾನೊಗೆ ಓಡಿಬಂದರು. ಮೇಲಿನ ಮನೆಯ ಚಪ್ಪಲಿ ಈಗ ಎರಡರಷ್ಟು ಜೋರಾಗಿ ಕೇಳಿಸುತ್ತಿತ್ತು. ಮನೆಯಲ್ಲಿ ಏನೋ ಸತ್ತಿದೆ ಅನ್ನಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ವಯಸ್ಸಾಯಿತು, ಇನ್ನು ನನ್ನಲ್ಲಿ ಏನೂ ಉಳಿದಿಲ್ಲ, ಖಾಲಿಯಾದೆ ಎಂದು ಹೆದರಿದರು. ಆ ಹೆದರಿಕೆಯನ್ನು ಡಾಕ್ಟರ ಮೇಲೆ, ತರಕಾರಿಯವನ ಮೇಲೆ, ಬಾಗಿಲಿನ ಚಿಲಕದ ಮೇಲೆ ತೀರಿಸಿಕೊಂಡರು.

“ನಿದ್ದೆ ಸರಿಯಾಗಿ ಮಾಡ್ತಿಲ್ಲ ನೀನು,” ಎಂದರು ಡಾಕ್ಟರು.

“ನನ್ನದೂ ಸೇರಿಸಿ ನೀವೇ ಮಾಡ್ತೀರಲ್ಲ, ಸಭಾಂಗಣದಲ್ಲಿ.”

ಡಾಕ್ಟರು ಬಾಯಿ ಮುಚ್ಚಿಕೊಂಡರು. ಹೊಸ ಫ್ರಿಜ್ಜೂ ಅವರ ಹಾಗೆಯೇ ಸುಮ್ಮನಿತ್ತು.

ಕೊನೆಯ ಪುಟ ಬಿಟ್ಟು ಉಳಿದದ್ದರ ತಾಲೀಮು ಶುರುವಾಯಿತು. ಮೇಳ ನಡೆಸುವವಳು ಮೇಡಂ ಅವರ ಹಳೆಯ ಶಿಷ್ಯೆ. ಪುಟ್ಟ ಆಳು, ತೆಳ್ಳನೆ ಕುತ್ತಿಗೆ, ಕಾಲೇಜಿನಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಈಗ ದೊಡ್ಡ ದೊಡ್ಡ ಮೀಸೆಯವರೆಲ್ಲ ಅವಳ ಕೈಯ ಕಡ್ಡಿ ನೋಡಿಕೊಂಡು ನುಡಿಸುತ್ತಿದ್ದರೂ ಹೆಸರು ಗುಬ್ಬಿಯೇ. ಒಂದು ಕಾಲಕ್ಕೆ ಅವಳೂ ಬರೆಯುತ್ತಿದ್ದಳು, ಮೇಡಂ ಅಡುಗೆಮನೆಯಲ್ಲಿ ಕೂತು. ಆಮೇಲೆ ಬರೆಯುವುದು ಬಿಟ್ಟು ಮೇಳ ನಡೆಸಲು ಬಂದಳು. ಯಾಕೆಂದು ಮೇಡಂ ಕೇಳಿರಲಿಲ್ಲ.

ತಾಲೀಮಿನ ಕೋಣೆಯಲ್ಲಿ ಹಿಂದಿನ ಗೋಡೆಗೆ ಒರಗಿ ಡಬಲ್ ಬಾಸ್‌ನವರು ಕೂತಿದ್ದರು. ಆಳೆತ್ತರದ ವಾದ್ಯ, ಮೇಳದ ತಳಪಾಯದ ಸ್ವರ ಅದರದು. ಮೇಡಂ ಕೃತಿಯಲ್ಲಿ ಅವರಿಗೆ ಎಂದಿನಂತೆ ಏನೂ ಇರಲಿಲ್ಲ, ಪುಟಗಟ್ಟಲೆ ವಿರಾಮದ ಗುರುತು. ಅವರಲ್ಲಿ ಹಿರಿಯವರು, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು, ಪಕ್ಕದವರಿಗೆ ಕೇಳಿಸುವ ಹಾಗೆ ಎಂದರು: “ಮೇಡಂ ಸಂಗೀತ ಅಂದ್ರೆ ನಮಗೆ ಸಂಬಳ ಸಹಿತ ರಜೆ.”

ಪಿಟೀಲುಗಳು ನುಡಿದವು, ಚೆಲ್ಲೊ ನುಡಿಯಿತು, ನಿಲ್ಲಬೇಕಾದಲ್ಲಿ ನಿಂತಿತು. ಒಂದು ತಪ್ಪಿಲ್ಲ. ಮುಂಚೆಯಾದರೆ ಮೇಡಂ ಹಳೆಯ ಸಭಾಂಗಣವನ್ನು ಬೈಯುತ್ತಿದ್ದರು, ಅದರ ಬಿರುಕು ಗೋಡೆ ಸ್ವರ ನುಂಗುತ್ತದೆ ಎನ್ನುತ್ತಿದ್ದರು. ಈಗ ಬೈಯಲು ಗೋಡೆಯೂ ಇರಲಿಲ್ಲ. ಮನೆಯಲ್ಲಿ ಕೇಳಿದ್ದ ಅದೇ ಎಲುಬು ಇಲ್ಲಿಯೂ.

“ಎಲ್ಲ ಸರಿಯಾಗಿದೆ ಅಲ್ವಾ ಮೇಡಂ?” ಎಂದಳು ಗುಬ್ಬಿ. “ನೀವು ಬರೆದ ಹಾಗೇ ಇದೆ.”

“ಅದೇ ತೊಂದ್ರೆ,” ಎಂದು ಮೇಡಂ ಕೊಡೆ ಮರೆತು ಹೊರಟುಬಿಟ್ಟರು.

ಮನೆಗೆ ಹೋಗಲು ಮನಸ್ಸಿಲ್ಲ. ಕಾಲೇಜಿಗೂ ಮನಸ್ಸಿಲ್ಲ. ಕಾಲು ಎಲ್ಲಿಗೆ ಎಳೆಯಿತೋ ಅಲ್ಲಿಗೆ ಹೋಗಿ, ಕೊನೆಗೆ ಗಂಡನ ಕ್ಲಿನಿಕ್ಕಿನ ಮುಂದೆ ಬಂದು ನಿಂತಿದ್ದರು. ಕೃತಿಯನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಹೇಳಿಬಿಡಬೇಕು. ಯಾರಿಗಾದರೂ ಮೊದಲು ಹೇಳಬೇಕಲ್ಲ, ಅವರಿಗೇ ಹೇಳೋಣ. ಡಾಕ್ಟರು ಒಳಗೆ ಯಾರದೋ ಹಲ್ಲಿನ ಜೊತೆ ಗುದ್ದಾಡುತ್ತಿದ್ದರು. “ಕೂತಿರಿ ಅಮ್ಮ, ಬೇರು ಗಟ್ಟಿ ಇದೆಯಂತೆ,” ಎಂದಳು ಚೀಟಿ ಬರೆಯುವ ಹೆಂಗಸು. ಮೇಡಂ ಕಾಯುವವರ ಬೆಂಚಿನ ಮೂಲೆಯಲ್ಲಿ, ಹಸಿರು ಪರದೆಗೆ ತಾಗಿ ಕೂತರು. ಸುಮ್ಮನೆ ಕೂರಲಾಗದೆ ಚೀಲದಿಂದ ಹಾಳೆ ತೆಗೆದು ತೊಡೆಯ ಮೇಲಿಟ್ಟು, ಇನ್ನೊಂದೇ ಸಲ ಎಂದು ಕಣ್ಣಲ್ಲೇ ಓದತೊಡಗಿದರು.

ಕೃತಿ ಎದ್ದು ನಿಂತಿತು.

ನಿನ್ನೆ ಮೊನ್ನೆಯ ಎಲುಬಿಗೆ ಮಾಂಸ ಬಂದಿತ್ತು, ರಕ್ತ ಬಂದಿತ್ತು. ಪಿಟೀಲಿನ ಒಂಟಿ ಸ್ವರಕ್ಕೆ ಕಾಲೂರಲು ನೆಲ ಸಿಕ್ಕಿತ್ತು. ವಿರಾಮಗಳೆಲ್ಲ ತುಂಬಿಕೊಂಡವು. ಮೇಡಂ ಪುಟ ತಿರುವಿದರು, ಇನ್ನೊಂದು ತಿರುವಿದರು, ಕೊನೆಯ ಖಾಲಿ ಪುಟದಲ್ಲಿ ಬರಬೇಕಾದದ್ದು ಕೂಡ ಇನ್ನೇನು ಕೇಳಿಸಬೇಕು ಅನ್ನುವಾಗ, ಪರದೆಯ ಹಿಂದೆ ಏನೋ ಟಕ್ ಎಂದು, ಒಂದು ಸಲ ಮೈ ಕೊಡವಿ, ನಿಂತಿತು. ಕೃತಿ ಅಲ್ಲೇ ಕುಸಿಯಿತು.

ಮೇಡಂ ಪರದೆ ಸರಿಸಿದರು. ಇಂಜೆಕ್ಷನ್ ಇಡುವ ಹಳೆಯ ಕುಳ್ಳ ಫ್ರಿಜ್ಜು.

ಅದರ ಮುಂದೆ ಮಂಡಿಯೂರಿ ಕೂತರು. ಬಾಗಿಲಿಗೆ ಕೆನ್ನೆ ಒತ್ತಿ ಕಾದರು. ಬೆಂಚಿನ ಮೇಲೆ ದವಡೆ ಊದಿಸಿಕೊಂಡು ಕೂತಿದ್ದ ರೋಗಿಗಳು ನೋವು ಮರೆತು ಇತ್ತಲೇ ನೋಡಿದರು. “ಅಮ್ಮ, ನೀರು ಬೇಕಾ? ಅದರಲ್ಲಿ ಬರೀ ಔಷಧಿ ಇರೋದು,” ಎಂದಳು ಚೀಟಿಯವಳು. “ಶ್ಶ್!” ಎಂದರು ಮೇಡಂ. ಫ್ರಿಜ್ಜು ಮತ್ತೆ ಟಕ್ ಎಂದು ಗುಂಯ್‌ಗುಡಲು ಶುರುಮಾಡಿತು. ಅದೇ ಸ್ವರ. ಪಿಯಾನೊದ ಎರಡು ಕೀಗಳ ನಡುವೆ, ಕೆಳಗಿನದಕ್ಕಿಂತ ಕೂದಲೆಳೆಯಷ್ಟು ಮೇಲೆ. ಹಳೆಯ ಫ್ರಿಜ್ಜುಗಳಿಗೆಲ್ಲ ಶ್ರುತಿ ಒಂದೇ ಇರಬೇಕು, ಎಲ್ಲವೂ ಒಂದೇ ಕರೆಂಟು ಕುಡಿಯುವವಲ್ಲವೇ.

ಒಂದು ಕ್ಷಣ ಸಂತೋಷ. ಅದರ ಹಿಂದೆಯೇ ನಾಚಿಕೆ, ಮೈಯೆಲ್ಲ ಬಿಸಿಯಾಗುವಂಥ ನಾಚಿಕೆ. ಹಗಲೂ ರಾತ್ರಿ ಇದ್ದ ಸದ್ದನ್ನು ಕಿವಿ ಲೆಕ್ಕಕ್ಕೇ ಇಟ್ಟಿರಲಿಲ್ಲ, ಮೂಗಿನ ಮೇಲಿನ ಕನ್ನಡಕವನ್ನು ಕಣ್ಣು ಮರೆತ ಹಾಗೆ. ಲೆಕ್ಕಕ್ಕಿಡದಿದ್ದರೂ ಅದರ ಮೇಲೆಯೇ ಮನೆ ಕಟ್ಟಿದ್ದರು. ಇಷ್ಟು ವರ್ಷ ಬರೆದದ್ದೆಲ್ಲ ಆ ಒಂದು ಸ್ವರವನ್ನು ತಳಕ್ಕಿಟ್ಟುಕೊಂಡು ಬರೆದದ್ದು. ಸಭಾಂಗಣಕ್ಕೆ ಹೋಗುವಾಗ ತಳವನ್ನು ಅಡುಗೆಮನೆಯಲ್ಲೇ ಬಿಟ್ಟು ಹೋದದ್ದು. ಎಲುಬು ಎಂದವರು ಸರಿಯಾಗಿ ಹೇಳಿದ್ದರು. ಮನೆಯಲ್ಲಿ ಚೆನ್ನಾಗಿತ್ತು ಎಂದವರು ಅದಕ್ಕಿಂತ ಸರಿಯಾಗಿ ಹೇಳಿದ್ದರು. ಆ ಮಾತಿಗೆ ತಾನು ಎಷ್ಟು ಸಲ ಮುಖ ತಿರುಗಿಸಿದ್ದೆ ಎಂದು ನೆನೆದು ಮೇಡಂಗೆ ಅಳು ಒತ್ತಿಬಂತು.

ಆಮೇಲೆ ಶಿಷ್ಯರು ನೆನಪಾದರು, ಅಳು ನಿಂತು ಬೆವರು ಕಿತ್ತುಕೊಂಡಿತು. ಕೆಳಗಿನ ಸ್ವರ ಯಾಕೆ, ಕೆಸರು, ತೆಗಿ. ಕೆಸರೇ ಹೌದು: ಪಿಯಾನೊದ ಸ್ವರ ಫ್ರಿಜ್ಜಿನ ಸ್ವರಕ್ಕೆ ಕೂದಲೆಳೆಯಷ್ಟು ಹತ್ತಿರ ಬಂದರೆ ಎರಡೂ ಒಂದನ್ನೊಂದು ಉಜ್ಜಿ ಕಲಕದೆ ಇನ್ನೇನು ಮಾಡುತ್ತವೆ? ತೆಗೆಯಬೇಕಾಗಿದ್ದದ್ದು ಫ್ರಿಜ್ಜಿನ ಪ್ಲಗ್ಗು. ಮೇಡಂ ತೆಗೆಸಿದ್ದು ಮಕ್ಕಳ ಸ್ವರ.

ಒಳಗಿನಿಂದ ಡಾಕ್ಟರು ಕೈ ಒರೆಸಿಕೊಳ್ಳುತ್ತ ಬರುವ ಹೊತ್ತಿಗೆ ಬೆಂಚು ಖಾಲಿಯಾಗಿತ್ತು.

“ನಿಮ್ಮ ಮನೆಯವರು ಬಂದಿದ್ರು,” ಎಂದಳು ಚೀಟಿಯವಳು, “ಫ್ರಿಜ್ಜನ್ನ ತಬ್ಬಿಕೊಂಡು ಕೂತಿದ್ರು, ಹೊರಟುಹೋದ್ರು.”

ಯಾರಿಗೂ ಹೇಳದೆ ಕೆಲಸ ಸಾಗಿಸಬಹುದಿತ್ತು. ಡಬಲ್ ಬಾಸ್‌ಗೆ ಒಂದು ಸ್ವರ ಬರೆದುಕೊಟ್ಟು, ಹೊಸ ಪ್ರಯೋಗ ಎಂದುಬಿಟ್ಟರೆ ಯಾರೂ ಕೇಳುವವರಿರಲಿಲ್ಲ. ವಿಮರ್ಶಕರು ಅದಕ್ಕೂ ಒಂದು ಹೆಸರಿಡುತ್ತಿದ್ದರು. ಮೇಡಂ ಎರಡು ದಿನ ಆ ಆಸೆಯನ್ನು ಸೆರಗಿಗೆ ಕಟ್ಟಿಕೊಂಡು ತಿರುಗಿದರು. ಕೊನೆಯ ಪುಟವನ್ನು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತೇ ಬರೆದರು. ತನಗೆ ಹಲ್ಲು ನೋವು ಎಂದು ಡಾಕ್ಟರಿಗೆ ಹೇಳಿ, ಅವರು ಬಾಯಿ ತೆರೆ ಎಂದಾಗಲೆಲ್ಲ ಈಗ ಕಮ್ಮಿಯಾಯಿತು ಎಂದು ತಪ್ಪಿಸಿಕೊಂಡರು. ಆದರೆ ಗುಬ್ಬಿಯ ಮುಖ ಕಣ್ಣ ಮುಂದೆ ಬಂದಾಗಲೆಲ್ಲ ಪೆನ್ಸಿಲ್ ನಿಲ್ಲುತ್ತಿತ್ತು. ಮುಂದಿನ ತಾಲೀಮಿಗೆ ಬೇಗ ಹೋಗಿ, ವಾದ್ಯದ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದ ಓಣಿಯಲ್ಲಿ ಅವಳನ್ನು ತಡೆದು, ಎಲ್ಲ ಹೇಳಿದರು. ಪೆಟ್ಟಿಗೆಗಳ ಮಧ್ಯೆ ಗುಬ್ಬಿ ಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

“ಫ್ರಿಜ್ಜಾ? ಮೇಡಂ, ಫ್ರಿಜ್ಜಾ!”

“ನಗು, ನಗು. ನಗಬೇಕಾದ್ದೇ.”

ನಗು ನಿಂತಿತು. ಗುಬ್ಬಿ ಒಂದು ಪೆಟ್ಟಿಗೆಯ ಕೊಂಡಿ ತೆಗೆದಳು, ಹಾಕಿದಳು.

“ನನ್ನ ಮೊದಲನೇದು ನೆನಪಿದೆಯಾ ನಿಮಗೆ? ಚೆಲ್ಲೊಗೆ ಬರೆದಿದ್ದೆ. ಶುರುವಿಂದ ಕೊನೇವರೆಗೂ ಕೆಳಗಡೆ ಒಂದೇ ಸ್ವರ ಹಿಡಿದಿತ್ತು. ನೀವು ಕೆಸರು ಅಂದ್ರಿ.”

“ನೆನಪಿದೆ.”

“ತೆಗೆದೆ. ಆಮೇಲೆ ಅದು ನನ್ನದು ಅನ್ನಿಸಲೇ ಇಲ್ಲ. ಆಮೇಲೆ ಬರೆದದ್ದು ಯಾವುದೂ ಅನ್ನಿಸಲಿಲ್ಲ. ನನಗೆ ಕಿವಿ ಇಲ್ಲ, ಮೇಡಂಗೆ ಕೇಳಿಸೋದು ನನಗೆ ಕೇಳಿಸ್ತಿಲ್ಲ ಅಂದ್ಕೊಂಡು ಬಿಟ್ಟುಬಿಟ್ಟೆ.” ಅವಳ ದನಿಯಲ್ಲಿ ಸಿಟ್ಟೇ ಹೆಚ್ಚು. “ನೀವು ಹೊರಗೆ ಎಲ್ಲಾದ್ರೂ ಒಂದು ಸಲ ಕೇಳಿದ್ರೆ ಸಾಕಿತ್ತು ಮೇಡಂ. ಬೇರೆ ಒಂದು ಕೋಣೇಲಿ.”

“ಹೌದು. ಸಾಕಿತ್ತು.” ಕ್ಷಮಿಸು ಅನ್ನುವುದು ಮೇಡಂ ಬಾಯಿಗೆ ಅಭ್ಯಾಸವಿಲ್ಲದ ಮಾತು. ಕಷ್ಟಪಟ್ಟು ಅಂದರು. “ನಿನ್ನ ಕಿವಿ ಸರಿಯಾಗೇ ಇತ್ತು. ನನ್ನದೇ ಹಾಳು ಕಿವಿ. ಆ ಸ್ವರ ಬರಿ ಮತ್ತೆ, ಕೈಮುಗಿದು ಕೇಳ್ತೀನಿ. ಎಲ್ಲಿ ಬೇಕಾದ್ರೂ ಬರಿ, ನಮ್ಮ ಮನೇಲಿ ಮಾತ್ರ ಬೇಡ.”

ಗುಬ್ಬಿ ಮೂಗು ಒರೆಸಿಕೊಂಡು, ಕಡ್ಡಿ ತೆಗೆದುಕೊಂಡು ಒಳಗೆ ನಡೆದಳು. ಅವಳು ಬರೆಯುತ್ತಾಳೋ ಇಲ್ಲವೋ ಮೇಡಂಗೆ ಆವತ್ತು ತಿಳಿಯಲಿಲ್ಲ. ಕೇಳುವ ಮುಖವೂ ಇರಲಿಲ್ಲ.

ಒಳಗೆ ಮೇಡಂ ಸೀದಾ ಡಬಲ್ ಬಾಸ್‌ನ ಹಿರಿಯರ ಮುಂದೆ ಹೋಗಿ ನಿಂತರು. “ರಜೆ ಮುಗೀತು. ಒಂದು ಸ್ವರ ಕೊಡಿ. ಉದ್ದಕ್ಕೆ.”

ಅವರು ಕೈ ಬಿಚ್ಚಿ, ಕಮಾನು ಎತ್ತಿ, ಕೊಟ್ಟರು.

“ಅದಲ್ಲ. ಸ್ವಲ್ಪ ಮೇಲೆ.”

ಮೇಲೆ ಕೊಟ್ಟರು.

“ಅಷ್ಟು ಮೇಲೆ ಬೇಡ. ಬೆರಳನ್ನ ಒಂಚೂರು ಹಿಂದಕ್ಕೆ ತನ್ನಿ.”

“ಮೇಡಂ, ನೀವು ಕೇಳ್ತಿರೋದು ಎಲ್ಲೂ ಇಲ್ಲದ ಸ್ವರ.”

“ನಮ್ಮ ಮನೇಲಿತ್ತು,” ಎಂದರು ಮೇಡಂ.

ಪಿಟೀಲಿನವರು ಹುಬ್ಬು ಗಂಟು ಹಾಕಿದರು, ಅಪಶ್ರುತಿ ಎಂದು ಗೊಣಗಿದರು. ಹಿರಿಯರ ಬೆರಳು ತಂತಿಯ ಮೇಲೆ ಹುಡುಕುತ್ತ ಹುಡುಕುತ್ತ ಒಂದು ಕಡೆ ಬಂದಾಗ ಮೇಡಂ ಅವರ ಮಣಿಕಟ್ಟನ್ನೇ ಹಿಡಿದುಬಿಟ್ಟರು. “ಇದೇ. ಇಲ್ಲಿಂದ ಅಲ್ಲಾಡಬೇಡಿ.” ಗುಬ್ಬಿ ಕಡ್ಡಿ ಎತ್ತಿದಳು. ಮೂರು ಡಬಲ್ ಬಾಸ್‌ಗಳು ಆ ಸ್ವರ ಹಿಡಿದವು, ಮೇಲೆ ಪಿಟೀಲು ಬಂತು. ಗೊಣಗುತ್ತಿದ್ದವರು ಗೊಣಗುವುದು ನಿಲ್ಲಿಸಿದರು. ಗುಬ್ಬಿ ಕೈ ಬೀಸುತ್ತಲೇ ಒಂದು ಸಲ ಮೇಡಂ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಬರೀ ಸಿಟ್ಟಿರಲಿಲ್ಲ.

ಡಾಕ್ಟರಿಗೆ ಮೇಡಂ ಏನೂ ಹೇಳಲಿಲ್ಲ. ನೀವು ಪ್ರೀತಿಯಿಂದ ತಂದ ಫ್ರಿಜ್ಜು ನನ್ನ ಕತ್ತು ಕೊಯ್ದಿತ್ತು ಎಂದು ಹೇಗೆ ಹೇಳುವುದು? ಅದಲ್ಲದೆ ಹೇಳಿಬಿಟ್ಟರೆ ಪರೀಕ್ಷೆ ಕೆಟ್ಟಿತು. ಒಂದು ಫ್ರಿಜ್ಜಿನ ಋಣ ತೀರಿಸಿದ ಮಾತ್ರಕ್ಕೆ ಸಂಗೀತಕ್ಕೆ ಜೀವ ಬಂದಿದೆ ಎಂದು ಯಾರು ಹೇಳಬೇಕು? ಮೇಳದವರು ಹೇಳಿದರೆ ಸಾಲದು, ಗುಬ್ಬಿ ಹೇಳಿದರೂ ಸಾಲದು. ಮನೆಯಲ್ಲೂ ಸಭಾಂಗಣದಲ್ಲೂ ಎಲ್ಲವನ್ನೂ ಕೇಳಿದವರು, ಕೇಳಿಸದ ಕಿವಿಯಲ್ಲೇ ಕೇಳಿದವರು, ಒಬ್ಬರೇ.

ಭಾನುವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಹೊಸ ಬಣ್ಣದ ವಾಸನೆ, ಹೊಸ ಮರದ ನೆಲ. ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಂದಿನ ಹಾಗೆ ಕೊನೆಯ ಸಾಲಿನಲ್ಲಿ ಕೂತಿದ್ದರು. ಅವರ ಎಡಕ್ಕೆ ಕೋಟು ಹಾಕಿಕೊಂಡ, ಬಹಳ ಗಂಭೀರ ಮುಖದ ಹಿರಿಯರೊಬ್ಬರು. ಮೇಡಂ ಕೂರಲಿಲ್ಲ. ಹಿಂದಿನ ಬಾಗಿಲ ಹತ್ತಿರ, ಗಂಡನ ಕತ್ತು ಕಾಣುವ ಜಾಗದಲ್ಲಿ ನಿಂತು, ಚೀಲದ ಹಿಡಿಯನ್ನು ತಿರುಚುತ್ತ, ಬಿಚ್ಚುತ್ತ, ತಿರುಚುತ್ತ ಇದ್ದರು.

ಶುರುವಾಗುವ ಮೊದಲೇ ಡಾಕ್ಟರ ತಲೆ ತೂಗತೊಡಗಿತು. ಮುಗೀತು ಅಂದುಕೊಂಡರು ಮೇಡಂ. ಅವರಿಗೆ ಬೇರೆ ಯಾರೂ ಕಾಣುತ್ತಿರಲಿಲ್ಲ, ವೇದಿಕೆಯೂ ಕಾಣುತ್ತಿರಲಿಲ್ಲ. ನರೆತ ಕೂದಲಿನ ಆ ತಲೆ ಎದೆಯ ಮೇಲೆ ಇಳಿಯುವುದೊಂದೇ ಕಾಣುತ್ತಿತ್ತು. ಎಬ್ಬಿಸಲೇ? ಛೆ, ಹೋಗಿ ಎಬ್ಬಿಸುವುದೇ? ಒಂದು ಹೆಜ್ಜೆ ಮುಂದಿಟ್ಟು ಹಿಂದೆ ತೆಗೆದರು. ಗುಬ್ಬಿಯ ಕಡ್ಡಿ ಮೇಲೇರಿತು. ಡಬಲ್ ಬಾಸ್‌ಗಳು ಆ ಸ್ವರ ಹಿಡಿದವು. ಹೊಸ ನೆಲದ ಹಲಗೆಗಳು ಅದನ್ನು ವೇದಿಕೆಯಿಂದ ಕೊನೆಯ ಸಾಲಿನವರೆಗೆ ಹೊತ್ತು ತಂದವು. ಮೇಡಂ ಅಂಗಾಲಿಗೇ ಅದು ತಿಳಿಯಿತು.

ತಲೆ ಎತ್ತದೆ, ಕಣ್ಣು ತೆರೆಯದೆ, ಡಾಕ್ಟರು ಎಡಗೈ ಚಾಚಿ, ಪಕ್ಕದ ಹಿರಿಯರ ತೋಳಿಗೆ ಅಂಗೈಯಲ್ಲಿ ಎರಡೇಟು ತಟ್ಟಿದರು.

ಹಿರಿಯರು ಬೆಚ್ಚಿ ಕೂತಲ್ಲೇ ಜಿಗಿದರು. ಡಾಕ್ಟರಿಗೂ ಎಚ್ಚರವಾಯಿತು. ತಮ್ಮ ಕೈ ನೋಡಿಕೊಂಡರು, ಹಿರಿಯರನ್ನು ನೋಡಿದರು, ಕೈ ಮುಗಿದರು. ಆಮೇಲೆ ಕೃತಿ ಮುಗಿಯುವವರೆಗೆ ಮುಂದಕ್ಕೆ ಬಗ್ಗಿ, ಎರಡೂ ಪಾದಗಳನ್ನು ನೆಲಕ್ಕೆ ಒತ್ತಿಕೊಂಡು ಕೂತಿದ್ದರು. ಜನ ಚಪ್ಪಾಳೆ ತಟ್ಟಿದಾಗ ಅವರು ತಟ್ಟಲಿಲ್ಲ. ಬಾಗಿಲ ಬಳಿ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು, ನಗುತ್ತಿದ್ದಾರೋ ಅಳುತ್ತಿದ್ದಾರೋ ಅವರಿಗೇ ಗೊತ್ತಿರಲಿಲ್ಲ.

ಹೊರಗೆ ಇಬ್ಬರೂ ಬಸ್‌ಸ್ಟಾಪಿಗೆ ಬಂದು ನಿಂತರು. ಡಾಕ್ಟರು ತಪ್ಪು ಮಾಡಿದವರ ಹಾಗೆ ನೆಲ ನೋಡುತ್ತಿದ್ದರು.

“ಆ ಹಿರಿಯರಿಗೆ ಯಾಕ್ರೀ ಹೊಡೆದ್ರಿ?” ಎಂದರು ಮೇಡಂ.

“ಹೊಡೀಲಿಲ್ಲ ಕಣೆ, ತಟ್ಟಿದೆ. ನೋಡಿಬಿಟ್ಯಾ? ಮಾನ ಹೋಯ್ತು.” ಕೆನ್ನೆ ಕೆರೆದುಕೊಂಡರು. “ಬೇಜಾರು ಮಾಡ್ಕೋಬೇಡ. ನಿದ್ದೆ ಹತ್ತಿತ್ತು, ನಿಜ. ಆದ್ರೆ ಅದೇನಾಯ್ತೋ, ನಮ್ಮ ಅಡುಗೆಮನೇಲೇ ಕೂತಿದ್ದೀನಿ ಅನ್ನಿಸಿಬಿಡ್ತು. ನೀನು ಪಿಯಾನೊ ಹತ್ರ, ನಾನು ಕುರ್ಚೀಲಿ. ಎಚ್ಚರ ಆದ ಮೇಲೂ ಹಾಗೇ ಅನ್ನಿಸ್ತಿತ್ತು, ಕೊನೇವರೆಗೂ.”

ಮೇಡಂ ಅವರ ತೋಳು ಹಿಡಿದುಕೊಂಡರು.

“ಏನಂದ್ರಿ?”

“ಏನಿಲ್ಲ ಬಿಡು.”

“ಇಲ್ಲ, ಇನ್ನೊಂದು ಸಲ ಹೇಳಿ.”

ಕೊನೆಗೂ ಇವಳಿಗೂ ಕಿವಿ ಹೋಯಿತಲ್ಲಪ್ಪ ಎಂದುಕೊಂಡ ಡಾಕ್ಟರು, ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವ ಹಾಗೆ, ಅವಳ ಕಿವಿಯ ಹತ್ತಿರ ಬಗ್ಗಿ ಜೋರಾಗಿ ಹೇಳಿದರು:

“ಮನೇಲಿ ಕೂತ ಹಾಗಿತ್ತು ಅಂದೆ!”